ಸೋದರಮಾವನ ಪಾಲಿನ ಕ್ಯಾಮೆರಾ

ತಂಗಿಯ ದೊಡ್ಡ ಮಗಳ ಮದುವೆಯ ವಿಡಿಯೋದಲ್ಲಿ ನಮ್ಮಣ್ಣನ ಬೆನ್ನು ಬಹಳ ಚೆನ್ನಾಗಿ ಬಂದಿತ್ತು. ಮುಖ ಮಾತ್ರ ಎಲ್ಲೂ ಇರಲಿಲ್ಲ. ಹೆಣ್ಣನ್ನು ಕೈಹಿಡಿದು ಧಾರೆ ಮಂಟಪಕ್ಕೆ ಕರೆತರುವ ಸೋದರಮಾವನಿಗೆ ಇದಕ್ಕಿಂತ ಅವಮಾನ ಬೇಕೆ? ಅಂದಿನಿಂದ ಅವನು ತಂಗಿಯ ಮನೆಯ ಕಡೆ ತಲೆಹಾಕಿಯೂ ಮಲಗಲಿಲ್ಲ. ಈಗ ಕಡೂರಿನಲ್ಲಿ ಚಿಕ್ಕವಳ ಮದುವೆ ಎಂದಾಗ ತನ್ನೂರು ಯಗಟಿಯಿಂದ ಹೇಳಿಕಳಿಸಿದ, "ಕುರಿ ನೋಡ್ಕೊಳ್ಳೋರಿಲ್ಲ, ಬರಕ್ಕಾಗಲ್ಲ."

ತಂಗಿ ಫೋನಿನಲ್ಲಿ ಅತ್ತಳು. "ದೊಡ್ಡಣ್ಣ ಬರ್ದೆ ನನ್ ಮಗಳು ಮಂಟಪಕ್ಕೆ ಹೆಂಗ್ ಬತ್ತಾಳೆ?" ನಾನೂ ಸೋದರಮಾವನೇ. ಆದರೆ ಹಿರಿಯನಿರುವಾಗ ನನ್ನನ್ನು ಯಾರು ಲೆಕ್ಕಕ್ಕಿಡುತ್ತಾರೆ!

ತರೀಕೆರೆಯ ಒಂದು ಸ್ಟುಡಿಯೋದ ಅಟ್ಟದಲ್ಲಿ ಹಳೆಯ ಟೇಪಿನ ಕ್ಯಾಮೆರಾವೊಂದು ಅಗ್ಗಕ್ಕೆ ಸಿಕ್ಕಿತು. ವಿಡಿಯೋದವನ ದೊಡ್ಡ ಕ್ಯಾಮೆರಾ ಕೈಕೊಟ್ಟರೆ ಇರಲಿ ಎಂದು ಎಲ್ಲರಿಗೂ ಹೇಳಿದೆ. ಅಣ್ಣನಿಗೆ ಮಾತ್ರ ಬೇರೆ ಹೇಳಿದೆ. "ಇದು ಪೂರ್ತಿ ನಿಂಗೇ ಕಣಣ್ಣಾ. ಇದ್ರಲ್ಲಿ ಇನ್ಯಾರೂ ಬರಲ್ಲ." ಕುರಿ ನೋಡಿಕೊಳ್ಳುವವರು ಮರುದಿನವೇ ಸಿಕ್ಕಿಬಿಟ್ಟರು.

ಆ ಕ್ಯಾಮೆರಾದ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ. ವೈರನ್ನು ಗೋಡೆಗೆ ಚುಚ್ಚಿದರಷ್ಟೇ ಅದಕ್ಕೆ ಜೀವ. ಹೀಗಾಗಿ ಅಣ್ಣ ಛತ್ರದಲ್ಲಿ ಪ್ಲಗ್ ಇದ್ದ ಜಾಗ ಬಿಟ್ಟು ಕದಲಲಿಲ್ಲ. ಅಲ್ಲೇ ಉಪ್ಪಿಟ್ಟು ತಿಂದ, ಬೀಗರನ್ನು ಅಲ್ಲಿಗೇ ಕರೆಸಿ ನಮಸ್ಕಾರ ಮಾಡಿದ. ಮೊಬೈಲ್ ಹಿಡಿದು ಓಡಾಡುವವರನ್ನು ಕಂಡು "ಅದ್ರಲ್ಲೇನ್ ಬತ್ತದೆ, ಮಣ್ಣು" ಎಂದು ಮೂಗು ಮುರಿದ. ನೆಂಟರಿಷ್ಟರೂ ನನ್ನ ಹಳೇ ಡಬ್ಬ ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಕಾಸು ತೆಗೆದುಕೊಂಡು ಬಂದ ವಿಡಿಯೋದವನಿಗೆ ಆ ಮರ್ಯಾದೆ ಸಿಗಲಿಲ್ಲ.

ಮುಹೂರ್ತ ಬಂತು. ಅಣ್ಣ ಹುಡುಗಿಯ ಕೈಹಿಡಿದು ಹೊರಟ. ನಾನು ಅವನ ಮುಖವನ್ನೇ ಹಿಡಿಯುತ್ತಾ ಹಿಂದುಹಿಂದಕ್ಕೆ ನಡೆದೆ. ಸ್ವಲ್ಪ ದೂರಕ್ಕೇ ವೈರು ಬಿಗಿಯಾಯಿತು. ನಾನು ನಿಂತೆ, ಅವನೂ ನಿಂತ.

"ಕ್ಯಾಮೆರಾ ಬರ್ಲಿ" ಎಂದ.

"ಮುಹೂರ್ತ ಮೀರ್ತಾ ಇದೆ ಕಣ್ರೀ!" ಎಂದು ಪುರೋಹಿತರು ಕೂಗಿದರು. ಅಂತರಪಟ ಹಿಡಿದವರ ಕೈ ಸೋತಿತು. ಮಂಟಪದ ಪಕ್ಕ ನಿಂತ ತಂಗಿಯ ಮುಖ ನೋಡಲಾಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ವೈರನ್ನು ಜಗ್ಗಿದೆ. ಪ್ಲಗ್ ಕಿತ್ತು ಬಂತು, ಕ್ಯಾಮೆರಾ ಸತ್ತಿತು. ಸತ್ತದ್ದನ್ನೇ ಕಣ್ಣಿಗೆ ಒತ್ತಿಕೊಂಡು "ಓಡ್ತಾ ಇದೆ, ಬಾರಣ್ಣಾ" ಎಂದೆ. ಅಣ್ಣ ಮೀಸೆ ತೀಡಿ, ಎದೆ ಸೆಟೆಸಿ, ಮಂಟಪದವರೆಗೂ ನಡೆದ.

ಊಟಕ್ಕೆ ನನ್ನ ಪಕ್ಕದಲ್ಲೇ ಕೂತ. ಎಂಥ ಮಂಕುಬೂದಿ ಎರಚಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಅವನು ಹಪ್ಪಳ ಮುರಿಯುತ್ತಾ, ತಲೆಯೆತ್ತದೆ ಹೇಳಿದ.

"ಲೇ, ಪ್ಲಗ್ಗು ನನ್ ಕಾಲ್ ಮುಂದೇನೇ ಎಳ್ಕೊಂಡ್ ಹೋಯ್ತಿತ್ತು ಕಣೋ. ನಂಗೇನ್ ಕಣ್ ಕಾಣಲ್ವಾ? ಮಗೀನ ಕೈ ನಡುಗ್ತಿತ್ತು. ಅದುಕ್ಕೇ ನಡದೆ."