ಬೋರ್ಡಿಗೆ ಬರೆಯದ ರೂಮು

ಅವರ ಬಲಗಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್ ಇರುತ್ತಿತ್ತು. ರೂಮಿನ ಸದ್ದು ಕೇಳಬೇಕಾದಾಗ ಮಾತ್ರ ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಮಂಚದ ತುದಿಯಲ್ಲಿ ಕೂತು, ಕಣ್ಣು ಮುಚ್ಚಿ, ತಲೆಯನ್ನು ತುಸು ಓರೆ ಮಾಡಿ, ಎರಡು ಮೂರು ನಿಮಿಷ ಅಲ್ಲಾಡದೆ ಇರುತ್ತಿದ್ದರು. ಫ್ಯಾನಿನ ಕಿರುಗುಟ್ಟುವಿಕೆ, ಪಕ್ಕದ ಬಚ್ಚಲಿನ ನಲ್ಲಿ, ಕೆಳಗಿನ ಹೋಟೆಲಿನ ಪಾತ್ರೆಗಳು ಎಲ್ಲವನ್ನೂ ಕೇಳಿಸಿಕೊಂಡು, ಕಣ್ಣು ಬಿಟ್ಟ ಮೇಲೆಯೇ ಆ ರೂಮನ್ನು ಯಾರಿಗೆ ಕೊಡಬಹುದು, ಯಾರಿಗೆ ಬೇಡ ಎಂದು ಹೇಳುತ್ತಿದ್ದರು.

ಹಾಸನದ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಲಾಡ್ಜಿನಲ್ಲಿ ಅವರು ಮ್ಯಾನೇಜರ್ ಆಗಿದ್ದರು. ನಾನು ಕೊನೆಯವರೆಗೂ ಅವರನ್ನು ಮ್ಯಾನೇಜರ್ ಸಾರ್ ಎಂದೇ ಕರೆದೆ. ಹೆಸರು ಗೊತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಕಾಲೇಜು ದಿನಗಳಿಂದ ದಿನಚರಿ ಬರೆಯುತ್ತಿರುವುದಕ್ಕೆ ಕಾರಣವೂ ಅದೇ. ಬರೆದದ್ದನ್ನು ಆಮೇಲೆ ತಿದ್ದಬಾರದು ಎಂಬುದು ನನಗೆ ನಾನೇ ಹಾಕಿಕೊಂಡ ಕಟ್ಟಳೆ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಕೆಲವು ದಿನಚರಿಯಲ್ಲಿವೆ, ಕೆಲವು ನನ್ನ ತಲೆಯಲ್ಲಿ ಮಾತ್ರ ಇವೆ.

ಅವರನ್ನು ಮೊದಲು ಕಂಡದ್ದು ಉಪನ್ಯಾಸಕರ ಪರೀಕ್ಷೆ ಬರೆಯಲು ಅರಕಲಗೂಡಿನಿಂದ ಬಂದಾಗ. ಹಿಂದಿನ ಸಲ ಬೆಳಗಿನ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತು ಪರೀಕ್ಷೆ ತಪ್ಪಿತ್ತು. ಈ ಸಲ ಹಿಂದಿನ ದಿನವೇ ಬಂದೆ. ಒಂಟಿ ಹುಡುಗಿಗೆ ರೂಮು ಕೊಡುವುದಿಲ್ಲವೆಂದು ಎರಡು ಲಾಡ್ಜಿನವರು ಕಳಿಸಿದ್ದರು. ಇವರು ಹಾಲ್ ಟಿಕೆಟ್ ನೋಡಿ ಲೆಡ್ಜರ್ ತಿರುಗಿಸಿ ನನ್ನ ಮುಂದಿಟ್ಟರು. "ಸೈನ್ ಆಕವ್ವ" ಎಂದರು, ಅಷ್ಟೇ.

ಕೊಟ್ಟದ್ದು ರಸ್ತೆ ಕಡೆಯ ರೂಮು. ನಿದ್ದೆಗೆಟ್ಟರೆ ನನಗೆ ಅರೆತಲೆನೋವು ಬರುತ್ತದೆ. ಕಣ್ಣ ಮುಂದಿನ ಅಕ್ಷರಗಳು ನಡುವೆ ತೂತು ಬಿದ್ದಂತೆ ಕಾಣುತ್ತವೆ. ಬಸ್ಸುಗಳ ಹಾರನ್ ಕೇಳಿ ಸಂಜೆಯೇ ಹೆದರಿ ಕೆಳಗಿಳಿದು ಬಂದೆ. ಗೋಡೆಯ ಮೇಲೆ ನಂಬರ್ ಬರೆದ ಹಲಗೆಗೆ ಖಾಲಿ ರೂಮುಗಳ ಬೀಗದ ಕೈಗಳನ್ನು ನೇತುಹಾಕುತ್ತಿದ್ದರು. ಅಂದು ಅಲ್ಲಿ ಒಂದೂ ಇರಲಿಲ್ಲ. ಅವರು ನನ್ನ ಮುಖ ನೋಡಿದರು, ಹಲಗೆ ನೋಡಿದರು, ಆಮೇಲೆ ಮೇಜಿನ ಡ್ರಾಯರ್ ಎಳೆದು ಒಂದು ಬೀಗದ ಕೈ ತೆಗೆದರು.

"ಇಂದ್ಗಡೆ ಒಂದೈತೆ. ಟಿವಿ ಇಲ್ಲ, ಕನ್ನಡಿ ಒಡದೈತೆ. ಓದ್ಕಳೋರಿಗೆ ಸಾಕು."

ಆ ರೂಮಿನ ಕಿಟಕಿ ಒಬ್ಬ ಟೈಲರನ ಹಿತ್ತಲಿಗೆ ತೆರೆಯುತ್ತಿತ್ತು. ನಾನು ಹೊತ್ತು ಹುಟ್ಟುವವರೆಗೆ ನಿದ್ದೆ ಮಾಡಿದೆ. ಪರೀಕ್ಷೆ ಪಾಸಾಯಿತು. ಹಾಸನದಲ್ಲೇ ಕೆಲಸ ಸಿಕ್ಕಿತು. ಅಂದಿನಿಂದ ಆ ದಾರಿಯಲ್ಲಿ ಹೋದಾಗಲೆಲ್ಲ ಕೌಂಟರಿನ ಬಳಿ ನಿಂತು ಮಾತಾಡಿಸಿ ಹೋಗುವುದು ರೂಢಿಯಾಯಿತು.

ಅವರ ಊರು ಹಿರೀಸಾವೆ, ಮನೆ ಹೈವೇಗೆ ಆತುಕೊಂಡೇ ಇತ್ತು. "ನಾನು ಉಟ್ಟಿದ್ದೇ ಲಾರಿ ಸದ್ನಾಗೆ ಮೇಡಮ್ಮೋರೆ. ಸದ್ದಿಲ್ದಿರೋದು ಅಂದ್ರೇನು ಅಂತ ಇಲ್ಲಿಗ್ ಬಂದ್ಮೇಲೆ ಗೊತ್ತಾಗಿದ್ದು" ಎನ್ನುತ್ತಿದ್ದರು. ಒಳ್ಳೆಯ ಲಾಡ್ಜಿಗೆ ಅವರದೇ ಒಂದು ಅಳತೆಯಿತ್ತು. ಬಸ್ಸಿಳಿದವನು ಬ್ಯಾಗನ್ನು ಒಂದು ಕೈಯಲ್ಲಿ ಎತ್ತಿಕೊಂಡು ನಡೆದರೆ, ಕೈ ಬದಲಾಯಿಸುವ ಮೊದಲು ಬಾಗಿಲು ಸಿಗಬೇಕು. ಆದರೆ ಬಾಗಿಲು ಹಾಕಿದ ಮೇಲೆ ಹಾರನ್ ಕೇಳಿಸಬಾರದು. "ಎಲ್ಡೂ ಸಿಗೋ ಜಾಗ ಊರಿಗೊಂದೋ ಎಲ್ಡೋ ಅಷ್ಟೆ."

ವಿಯೆನ್ನಾದ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಲು ನನಗೆ ಕರೆ ಬಂದಾಗ ಮನೆಯವರಿಗಿಂತ ಮೊದಲು ಹೇಳಿದ್ದು ಅವರಿಗೇ ಎಂದು ನನ್ನ ನೆನಪು. ದಿನಚರಿಯ ಪ್ರಕಾರ ಅದು ಎರಡು ದಿನ ಬಿಟ್ಟು. ಇರಲಿ. ನನಗದು ಮೊದಲ ವಿಮಾನ, ಮೊದಲ ಪರದೇಶ. ಪಾಸ್‌ಪೋರ್ಟನ್ನು ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಿದ್ದೆ. ಸಂಘಟಕರು ಸೂಚಿಸಿದ್ದ ಹೋಟೆಲುಗಳು ನನ್ನ ಕೈಗೆಟುಕುವಂತಿರಲಿಲ್ಲ. ಅಗ್ಗದವು ಊರಾಚೆ ಇದ್ದವು, ಇಲ್ಲವೇ ಬಾರುಗಳಿರುವ ಬೀದಿಯಲ್ಲಿ. ತಲುಪಿದ ಮರುದಿನವೇ ನನ್ನ ಪ್ರಬಂಧ. ನಿದ್ದೆಯಿಲ್ಲದೆ ವೇದಿಕೆ ಹತ್ತಿದರೆ ಹಾಳೆಯ ಮೇಲಿನ ಸಾಲುಗಳೇ ಕಾಣುವುದಿಲ್ಲ ಎಂಬ ಭಯ ಎಲ್ಲ ಸಂಭ್ರಮದ ಅಡಿಯಲ್ಲಿ ಕೂತಿತ್ತು.

"ಅದ್ಯಾಕಂಗ್ ಎದರ್ಕತೀರಿ ಮೇಡಮ್ಮೋರೆ? ಅಲ್ಲೂ ಲಾಡ್ಜೇ ತಾನೆ? ಕಂಪ್ಯೂಟರ್ ತಗಬನ್ನಿ, ನೋಡಾನ."

ಒಂದು ವಾರ ಸಂಜೆ ಕಾಲೇಜು ಬಿಟ್ಟ ಮೇಲೆ ಕೌಂಟರಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾವಿಬ್ಬರೂ ವಿಯೆನ್ನಾದಲ್ಲಿ ರೂಮು ಹುಡುಕಿದೆವು. ಗಿರಾಕಿ ಬಂದರೆ ಲೆಡ್ಜರ್ ತಳ್ಳಿ, "ಬರೀತಾ ಇರಿ ಸಾ, ಬಂದೆ" ಎಂದು ಮತ್ತೆ ಪರದೆಗೆ ಬಗ್ಗುತ್ತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ.

"ಒಗಳಿರೋದ್ ಓದ್ಬ್ಯಾಡಿ. ಬೈದಿರೋದ್ ಓದಿ."

ಓದಿದೆ. ಒಬ್ಬರು ಗೋಡೆ ತೆಳು ಎಂದು ಬೈದಿದ್ದರು.

"ಬಿಡಿ ಅದ್ನ. ಮುಂದಿಂದು?"

ಮುಂದಿನದರ ಫೋಟೋಗಳನ್ನು ತೋರಿಸಿದೆ. "ಮಂಚ ಐತೆ, ಲೈಟೈತೆ, ಹೂವಿನ ಕುಂಡ ಐತೆ. ಕಿಟಕಿ ಎಲ್ಲಿ? ಕಿಟಕಿ ತೋರ್ಸಿಲ್ಲ ಅಂದ್ರೆ ಅದ್ರಾಚೆ ಏನೋ ಐತೆ ಅಂತ."

ಇನ್ನೊಂದರಲ್ಲಿ ಮಂಚದ ತಲೆ ಯಾವ ಗೋಡೆಗಿದೆ ಎಂದು ನೋಡಿ, ಆ ಗೋಡೆಯ ಆಚೆ ಲಿಫ್ಟ್ ಇದೆ ಎಂದು ಪತ್ತೆಹಚ್ಚಿದರು. ನಾನು ಆ ಹೋಟೆಲಿನ ಮಹಡಿಯ ನಕ್ಷೆ ತೆರೆದು ನೋಡಿದರೆ ನಿಜಕ್ಕೂ ಇತ್ತು. ಎಷ್ಟೋ ವರ್ಷ ಗ್ರಂಥಾಲಯಗಳಲ್ಲಿ ಕೂತು ಓದಿದ ನನಗೆ ಒಂದು ಫೋಟೋವನ್ನು ಹೀಗೆ ಓದಬಹುದು ಎಂದು ತಿಳಿದಿರಲಿಲ್ಲ. ಪ್ರತಿ ಸಂಜೆ ಮನೆಗೆ ಹೋಗುವಾಗ ನನಗೆ ಆಗಲೇ ಆ ಊರಿನಲ್ಲಿ ನಡೆದಾಡಿ ಬಂದಂತಿರುತ್ತಿತ್ತು.

ಕೊನೆಗೆ ಒಂದು ಸಿಕ್ಕಿತು. ಊರ ನಡುವೆ, ಸ್ಟೇಷನ್ನಿನಿಂದ ನಡೆಯುವ ದೂರ, ಒಬ್ಬ ವಯಸ್ಸಾದ ಹೆಂಗಸು ನಡೆಸುವ ಆರೇಳು ರೂಮಿನ ಮನೆ. ಬಚ್ಚಲು ಹೊರಗಿದ್ದದ್ದರಿಂದ ಬಾಡಿಗೆ ಅಗ್ಗ. ಬೈದಿದ್ದ ಒಂದಿಬ್ಬರೂ ಅದಕ್ಕೇ ಬೈದಿದ್ದರು. ಎದುರಿಗೆ ಒಂದು ಹಳೆಯ ಚರ್ಚು.

"ಚರ್ಚಿದ್ರೆ ಒಳ್ಳೇದಾಯ್ತು" ಎಂದರು. "ನಮ್ಮ ಚರ್ಚ್ ರಸ್ತೇಲಿ ನೋಡಿ, ಭಾನುವಾರ ಒಂದ್ ಬಿಟ್ರೆ ಎಲೆ ಬಿದ್ರೂ ಕೇಳುಸ್ತದೆ. ದೇವಸ್ಥಾನದಂಗೆ ಮೈಕ್ ಇಲ್ಲ. ಮಾಡ್ಬುಡಿ ಬುಕ್ಕು."

ನನಗೂ ಅದು ಸರಿ ಎನಿಸಿತು. ಬುಕ್ ಮಾಡಿದೆ.

"ರೂಮಿಗೋದ್ ತಕ್ಷಣ ಫೋನ್ ಮಾಡಿ. ತೋರ್ಸದ್ ಬ್ಯಾಡ, ನಾನು ಕೇಳ್ಬೇಕು" ಎಂದರು.

ವಿಯೆನ್ನಾದ ಸ್ಟೇಷನ್ನಿನಿಂದ ಹೊರಬಂದಾಗ ಟ್ರಾಮುಗಳು ರಸ್ತೆಯ ನಡುವೆ ಜನರ ಜೊತೆಗೇ ಹೋಗುತ್ತಿದ್ದವು. ನನ್ನ ಬ್ಯಾಗಿಗೆ ಚಕ್ರವಿತ್ತು. ಆದರೂ ಎತ್ತಿಕೊಂಡೇ ನಡೆದೆ. ಚಕ್ರವಿದ್ದರೆ ದೂರ ಗೊತ್ತಾಗುವುದಿಲ್ಲ ಎಂದು ಅವರು ಹೇಳಿದ್ದರು. ಕೈ ಬದಲಾಯಿಸದೆ ಬಾಗಿಲು ತಲುಪಿದೆನೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ದಿನಚರಿಯಲ್ಲಿ ಒಮ್ಮೆ ಬದಲಾಯಿಸಿದೆ ಎಂದಿದೆ.

ರೂಮು ಚೊಕ್ಕಟವಾಗಿತ್ತು. ಮಧ್ಯಾಹ್ನದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಹಾಸನದಲ್ಲಿ ಆಗ ಸಂಜೆ. ವಿಡಿಯೋ ಕಾಲ್ ಮಾಡಿದೆ. ಅವರು ಕಿವಿಯ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡು ಕಣ್ಣು ಮುಚ್ಚುವುದನ್ನು ನೋಡಿದೆ. ನಾನು ಉಸಿರು ಹಿಡಿದು ನಿಂತೆ. ಒಂದು ನಿಮಿಷ ಕಳೆದಿರಬೇಕು. ಕಿಟಕಿಯ ಗಾಜು ನಡುಗುವಂತೆ ಗಂಟೆ ಹೊಡೆಯಿತು.

ಅವರು ಕಣ್ಣು ಬಿಟ್ಟರು. "ಏನದು?"

"ಚರ್ಚಿನ ಗಂಟೆ, ಸಾರ್."

"ಇವತ್ ಭಾನುವಾರ ಅಲ್ವಲ್ಲ."

"ದಿನಾ ಹೊಡೀತದಂತೆ, ಈ ಮನೆಯೋರು ಹೇಳಿದ್ರು. ಕಾಲು ಗಂಟೆಗೊಂದು ಸಲ. ಬೆಳಗಿನವರೆಗೂ."

ಅವರು ಯಾರೋ ಗಿರಾಕಿ ರೂಮು ಕೇಳಿದ್ದಕ್ಕೆ "ಇಲ್ಲ" ಎಂದಷ್ಟೇ ಹೇಳಿ ಕಳಿಸಿದ್ದು ಕೇಳಿಸಿತು. ಬೀಗದ ಕೈಗಳು ಹಲಗೆಯ ಮೇಲೆ ತೂಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

"ತಪ್ ರೂಮ್ ಕೊಟ್ಬುಟ್ಟೆ ಕಣವ್ವ" ಎಂದರು. ಮೇಡಮ್ಮೋರೆ ಎನ್ನಲಿಲ್ಲ. "ನಾಳೀಕೆ ನೀನು ಮಾತಾಡ್ಬೇಕು."

"ಕಿವಿಗೆ ಹತ್ತಿ ಇಟ್ಟುಕೊಳ್ತೀನಿ ಬಿಡಿ ಸಾರ್."

"ಅತ್ತಿಗೆಲ್ಲ ಕೇಳಾ ಗಂಟೆ ಅಲ್ಲ ಅದು. ಇಲ್ ಕೇಳು. ಎಲ್ಲಾ ಲಾಡ್ಜಲ್ಲೂ ಬೋರ್ಡಿಗೆ ಬರ್ದೇ ಇರೋ ರೂಮು ಒಂದಿರ್ತದೆ. ಏನೋ ಒಂದು ಕೆಟ್ಟಿರ್ತದೆ, ಬಾಡಿಗೆಗೆ ಕೊಡಕ್ಕಾಗಲ್ಲ. ಓಗಿ ಆ ಯಮ್ಮನ್ನ ಅದ್ನ ಕೇಳು. ನಾಚ್ಕಬ್ಯಾಡ."

ಕೆಳಗೆ ಹೋಗಿ ಕೇಳಿದೆ. ನಿಮ್ಮ ಪಟ್ಟಿಯಲ್ಲಿಲ್ಲದ ರೂಮು ಬೇಕು, ನಾಳೆ ನಾನು ಮಾತಾಡಬೇಕು ಎಂದೆ. ಆ ಒಡತಿ ನನ್ನನ್ನು ಒಂದು ಗಳಿಗೆ ನೋಡಿದಳು. ಇದನ್ನು ನಿನಗೆ ಹೇಳಿಕೊಟ್ಟವರು ಯಾರು ಎಂದಳು. ನಮ್ಮೂರಲ್ಲೊಬ್ಬ ಲಾಡ್ಜ್ ಮ್ಯಾನೇಜರ್ ಎಂದೆ. ಜೋರಾಗಿ ನಕ್ಕು ಏಪ್ರನ್ನಿನ ಜೇಬಿನಿಂದ ಒಂದು ಬೀಗದ ಕೈ ತೆಗೆದಳು.

ಅದು ಹಿಂಭಾಗದ, ಒಳಂಗಳಕ್ಕೆ ತೆರೆಯುವ ಸಣ್ಣ ಕೋಣೆ. ಕಪಾಟಿನ ಬಾಗಿಲು ಮುಚ್ಚುತ್ತಿರಲಿಲ್ಲ. ಕಿಟಕಿಯಾಚೆ ಒಂದೇ ಒಂದು ಮರ. ಅವಳು ಒಳಗೆ ಬಂದು ದಿಂಬಿನ ಪಕ್ಕದಲ್ಲಿದ್ದ ತನ್ನ ಕನ್ನಡಕವನ್ನೂ ಕುರ್ಚಿಯ ಮೇಲಿದ್ದ ಸ್ವೆಟರನ್ನೂ ಎತ್ತಿಕೊಂಡು, ಬಾಗಿಲು ಎಳೆದುಕೊಂಡು ಹೋದಳು.

ಮತ್ತೆ ಫೋನ್ ಮಾಡಿದೆ. ಪೆನ್ಸಿಲ್ ಜೇಬಿಗೆ ಹೋಯಿತು. ಮೂರು ಕಟ್ಟಡಗಳ ಆಚೆಯಿಂದ ಬಂದಂತೆ ಗಂಟೆ ಮೆಲ್ಲಗೆ ಕೇಳಿಸಿ ನಿಂತಿತು. ಅವರು ಅದಾದ ಮೇಲೂ ಕಣ್ಣು ಮುಚ್ಚಿಕೊಂಡೇ ಇದ್ದರು.

"ಈಗ್ ಸರೋಯ್ತು. ಮನೀಕಳವ್ವ."

ಮನಿಕೊಂಡೆ. ಮರುದಿನ ಪ್ರಬಂಧ ಓದುವಾಗ ಒಂದು ಅಕ್ಷರದಲ್ಲೂ ತೂತು ಕಾಣಲಿಲ್ಲ. ಪ್ರಶ್ನೆಗಳಿಗೆ ಹಾಳೆ ನೋಡದೆ ಉತ್ತರಿಸಿದೆ. ಹೊರಗೆ ಬಂದು, ಎಲ್ಲಿಗೆ ಹೋಗುವುದೆಂದು ಓದದೆ ಒಂದು ಟ್ರಾಮು ಹತ್ತಿ, ಕೊನೆಯ ನಿಲ್ದಾಣದವರೆಗೂ ಹೋಗಿ ವಾಪಸು ಬಂದೆ. ಅಷ್ಟು ಖುಷಿ.

ಆ ಟ್ರಾಮಿನಲ್ಲಿ ಕೂತಿದ್ದಾಗಲೇ ಒಡತಿ ಎತ್ತಿಕೊಂಡು ಹೋದ ಸ್ವೆಟರು ನೆನಪಾಯಿತು. ಅದರ ಹಿಂದೆಯೇ ಇನ್ನೊಂದು: ಹಾಸನದ ಆ ಹಿಂದಿನ ರೂಮಿನಲ್ಲಿ ಮೊಳೆಗೆ ಒಂದು ಅಂಗಿ ನೇತಾಡುತ್ತಿತ್ತು. ನಿಜವಾಗಿ ಇತ್ತೇ, ಅಥವಾ ಸ್ವೆಟರು ನೋಡಿದ ಮೇಲೆ ನನ್ನ ಮನಸ್ಸು ಅಲ್ಲೊಂದು ಅಂಗಿಯನ್ನು ತೂಗುಹಾಕಿತೇ?

ಊರಿಗೆ ಬಂದ ದಿನವೇ ಹಳೆಯ ದಿನಚರಿ ಹುಡುಕಿದೆ. ಒಂದೇ ಸಾಲು: "ಮೊಳೆಗೆ ಯಾರದೋ ಅಂಗಿ ಇತ್ತು, ಬೆವರಿನ ವಾಸನೆ, ತೆಗೆದು ಬಾಗಿಲಾಚೆ ಎಸೆದೆ."

ಮರುದಿನ ಲಾಡ್ಜಿಗೆ ಹೋದೆ. "ಕೈ ಬದಲಾಯ್ಸಿದ್ರೋ ಇಲ್ವೋ?" ಎಂದು ಕೇಳಿದರು. ಇಲ್ಲ ಎಂದೆ. ಆಮೇಲೆ ಅಂಗಿಯ ವಿಷಯ ಹೇಳಿದೆ. ಆ ಪರೀಕ್ಷೆಯ ಹಿಂದಿನ ರಾತ್ರಿ ನೀವೆಲ್ಲಿ ಮಲಗಿದಿರಿ ಎಂದು ಕೇಳಿದೆ. ಅವರು ಕಿವಿಯ ಪೆನ್ಸಿಲ್ ತೆಗೆದು, ಅದರ ಮೊನೆ ನೋಡಿ, ಮತ್ತೆ ಅಲ್ಲೇ ಇಟ್ಟುಕೊಂಡರು.

"ನೆಪ್ಪಿಲ್ಲ ಬುಡಿ. ಪಾಸಾದ್ರಲ್ಲ."

ಕಳೆದ ವರ್ಷ ಅವರು ತೀರಿಕೊಂಡರು. ಹಿರೀಸಾವೆಯ ಮನೆಗೆ ಹೋಗಿದ್ದೆ. ಮಾತಾಡಿದರೆ ಕೇಳಿಸದಷ್ಟು ಲಾರಿಗಳ ಸದ್ದು. ಅವರ ಹೆಂಡತಿ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು, "ಇಲ್ಲಿ ಅವ್ರಿಗೆ ನಿದ್ದೇನೆ ಬರ್ತಿರ್ಲಿಲ್ಲ. ಲಾಡ್ಜಿನ ಇಂದ್ಗಡೆ ರೂಮಲ್ಲಿ ಮಾತ್ರ ಬತ್ತದೆ ಅನ್ನೋರು."

ಮನೆಗೆ ಬಂದು ಆ ಪುಟ ತೆಗೆದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಬರೆದದ್ದನ್ನು ತಿದ್ದಿದೆ. "ಯಾರದೋ" ಎಂಬುದನ್ನು ಹೊಡೆದುಹಾಕಿ, ಮೇಲೆ ಪೆನ್ಸಿಲಿನಲ್ಲಿ "ಮ್ಯಾನೇಜರ್ ಸಾರ್ ಅವರ" ಎಂದು ಬರೆದೆ.