ಸೂಜಿಮೊನೆಯ ಗಾಳಿ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಇದ್ದಿಲೊಲೆ ಹೊತ್ತಿಸಿ, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಬಾಗಿಲಿಗೆ ರಂಗೋಲಿ ಎಳೆದು, ನಮ್ಮವರ ಬಿಳಿ ಷರಟಿಗೆ ಇಸ್ತ್ರಿ ಹಾಕಲು ಕೂತೆ. ಎಷ್ಟು ಒಗೆದರೂ ಆ ಷರಟಿನ ತೋಳಲ್ಲಿ ಒಂದು ವಾಸನೆ ಉಳಿದಿರುತ್ತಿತ್ತು. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಬರುತ್ತದಲ್ಲ, ಅಂಥದ್ದು. ಮೊನ್ನೆ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದಾಗ ಅದೇ ವಾಸನೆ ಬಂತು ನೋಡಿ, ಸರಸ್ವತಿಪುರದ ಆ ಬಾಡಿಗೆ ಮನೆಯೇ ಕಣ್ಣ ಮುಂದೆ ನಿಂತುಬಿಟ್ಟಿತು.

ನಮ್ಮವರು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್. ಡಾಕ್ಟರೇಟ್ ಬಂದರೆ ಲೆಕ್ಚರರ್ ಆಗುವ ಆಸೆ. ಒಂದು ಸೂಜಿಗೆ ಸಾವಿರಾರು ವೋಲ್ಟ್ ಕೊಟ್ಟು ಎದುರಿಗೊಂದು ಹಿತ್ತಾಳೆ ಬಳೆ ನಿಲ್ಲಿಸಿದರೆ, ಮೊನೆಯಿಂದ ಬಳೆಯ ಕಡೆಗೆ ಗಾಳಿ ಹೊರಡುತ್ತದಂತೆ. ಆ ಗಾಳಿಯ ವೇಗ ಅಳೆಯುವುದೇ ಇವರ ಕೆಲಸ. ಕಾನ್ವೆಂಟಿನಲ್ಲಿ ನಾನು ಕಲಿತ ವಿಜ್ಞಾನ ಕೈ ತೊಳೆಯುವುದರಲ್ಲೇ ಮುಗಿದಿತ್ತು. ಸಿಸ್ಟರ್ ಕಲಿಸಿದ ಕಸೂತಿಯ ಸೂಜಿಗಳು ಮಾತ್ರ ಒಂದೊಂದಾಗಿ ಲ್ಯಾಬ್ ಸೇರಿದವು.

ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋಗಿ, ಬಳೆಯ ಆಚೆ ದೂರದಲ್ಲಿ ಅಂಗೈ ಹಿಡಿಯಲು ಹೇಳಿದರು. ಕತ್ತಲಲ್ಲಿ ಸೂಜಿಮೊನೆ ನೇರಳೆಯಾಗಿ ಮಿನುಗಿ, ಷರಟಿನ ಅದೇ ವಾಸನೆ ಹಬ್ಬಿತು. ಮಲಗಿದ ಮಗುವಿನ ಉಸಿರಿನಷ್ಟು ತಣ್ಣಗೆ ಏನೋ ಅಂಗೈಗೆ ತಾಕಿತು.

ಇಷ್ಟು ಸಣ್ಣ ಗಾಳಿಯನ್ನು ಅಳೆಯುವುದು ಹೇಗೆ? ಮೈಸೂರಿನವರಿಗೆ ಹೊಳೆಯುವುದು ಊದುಬತ್ತಿಯೇ ಅಲ್ಲವೇ. ಸೂಜಿಗೂ ಬಳೆಗೂ ನಡುವೆ ಊದುಬತ್ತಿಯ ಹೊಗೆ ಬಿಟ್ಟು, ಅದು ಒಂದು ಗುರುತಿನಿಂದ ಇನ್ನೊಂದಕ್ಕೆ ಓಡುವ ಹೊತ್ತನ್ನು ಗಡಿಯಾರ ಹಿಡಿದು ನೋಡುತ್ತಿದ್ದರು. ನಮ್ಮ ಮದುವೆಯಾದಾಗಿನಿಂದ ಅದೇ ಕೆಲಸ.

ನಾನು ಷರಟಿಗೆ ಇಸ್ತ್ರಿ ಹಾಕಿದ ಆ ದಿನ, ಇವರ ಡಾಕ್ಟರೇಟ್ ಕೆಲಸ ನೋಡಲು ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ದೇವರ ಗೂಡಿನಿಂದ ತೆಳುವಾದ ಊದುಬತ್ತಿಗಳನ್ನೇ ಆರಿಸಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟರು.

ಮಧ್ಯಾಹ್ನಕ್ಕೇ ವಾಪಸು ಬಂದರು. ಹುಳಿಯನ್ನ ಅರ್ಧ ಕಲಸಿ ಕೈ ನಿಲ್ಲಿಸಿದರು. ಪರೀಕ್ಷಕರು ಒಳ್ಳೆಯವರೇ, ಗದರಲಿಲ್ಲವಂತೆ. ಹೊಗೆ ಓಡುವುದು ಕಾಣುತ್ತಿದೆ, ಗಾಳಿಯೂ ಅಷ್ಟೇ ವೇಗದಲ್ಲಿ ಓಡುತ್ತಿದೆ ಎನ್ನಲು ಆಧಾರವೇನು ಎಂದು ಮೆಲ್ಲಗೆ ಕೇಳಿದರಂತೆ. ಹೊಗೆಯ ಕಣಕ್ಕೂ ವಿದ್ಯುತ್ತು ಹತ್ತುತ್ತದೆ; ಗಾಳಿ ಒಯ್ಯುವುದಕ್ಕಿಂತ ಜೋರಾಗಿ ಬಳೆಯೇ ಅದನ್ನು ಎಳೆದುಕೊಳ್ಳುತ್ತದೆ. ಬರೆದ ಅಂಕಿಯೆಲ್ಲ ಸುಳ್ಳು.

"ಇಷ್ಟು ವರ್ಷ ಬರೀ ಹೊಗೆ ಅಳೆದೆ ಕಣೇ," ಎಂದರು.

"ನನ್ನ ಅಂಗೈಗೆ ತಾಕಿತ್ತಲ್ಲ ರೀ."

"ತಾಕಿತ್ತು. ಅಂಗೈನ ಥೀಸಿಸ್‌ಗೆ ಅಂಟಿಸೋಕಾಗತ್ತಾ?" ನಗಲು ನೋಡಿದರು, ಆಗಲಿಲ್ಲ.

ಇನ್ನೊಂದು ಬಗೆಯಲ್ಲಿ ಅಳೆಯಬಹುದಿತ್ತು. ಆದರೆ ಅವರಿಗೆ ಕೊಟ್ಟಿದ್ದ ಗಡುವು ಮುಗಿದಿತ್ತು. ಡೆಮಾನ್‌ಸ್ಟ್ರೇಟರ್ ಆಗಿಯೇ ನಿವೃತ್ತರಾದರು. ಈಗ ಅವರಿಲ್ಲ. ಆ ಗಾಳಿ ಇತ್ತು ಎಂದು ಹೇಳಲು ಉಳಿದವಳು ನಾನೊಬ್ಬಳೇ. ನನ್ನನ್ನು ಯಾರೂ ಕೇಳುವುದಿಲ್ಲ.

ಅಂದು ಸಂಜೆ ಅವರು ಜಗಲಿಯ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದರು. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯ ಗೌರಮ್ಮನವರು ಕಾಂಪೌಂಡಿಗೆ ಒರಗಿ, ಸೆರಗಿನಿಂದ ಬೀಸಿಕೊಳ್ಳುತ್ತಾ ಅಂದರು: "ಏನ್ ಸೆಕೆ ಕಣಮ್ಮ ಇವತ್ತು. ಗಾಳಿ ಅನ್ನೋದೇ ಇಲ್ವಲ್ಲ."