ಬಿರುಕಿನ ಮೇಲೊಂದು ಸುಣ್ಣದ ಬಿಲ್ಲೆ

"ಬಳಿ ಅಂದ್ರೆ ಬಳೀಬೇಕು! ನಿನ್ನ ಕರೆಸಿದ್ದು ಸುಣ್ಣ ಹೊಡ್ಯಾಕೆ, ಗೋಡೆ ನಾಡಿ ಹಿಡ್ಯಾಕಲ್ಲ!"

ವಠಾರದ ಮಾಲೀಕ ಕೊಟ್ಟೂರಪ್ಪನ ಕೂಗಿಗೆ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ. ದಾವಣಗೆರೆಯ ವಿನೋಬನಗರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಜೀರಾಬೀ ಸುಣ್ಣದ ಬಕೀಟು ಕೆಳಗಿಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾಳೆ.

"ಬಳಿಯಂಗಿಲ್ಲ ಸಾವ್ಕಾರ್ರೆ. ಕೂಲಿ ಬ್ಯಾಡ. ಬೈಗಳ ಬೇಕಾದ್ರೆ ಇನ್ನೊಂದಿಷ್ಟು ಕೊಡ್ರಿ. ಮೊದ್ಲು ಆ ಹಿಂದಿನ ಕೋಣ್ಯಾಗಿರೋ ಬಾಣಂತೀನ ಹೊರಗೆ ಕಳಸ್ರಿ."

"ಮುಂದಿನ ಮನೆ ನೋಡಾಕೆ ಇವತ್ತು ಬಾಡಿಗೆಯೋರು ಬರ್ತಾರೆ. ಹಿತ್ತಲಿಗೆ ಬಂದು ಬಿರುಕು ನೋಡಿದ್ರೆ ನಿಲ್ತಾರೇನು?"

"ನಿಲ್ಲಬಾರ್ದು ಅಂತಾನೇ ನಾನೂ ಹೇಳೋದು."

ವಯಸ್ಸು ನಲವತ್ತು ದಾಟಿದ ಹಜೀರಾಬೀ ಹರಿಹರದ ಸುಣ್ಣ ಸುಡುವವರ ಮನೆಯ ಮಗಳು. ಮದುವೆಯಾಗಿ ದಾವಣಗೆರೆಗೆ ಬಂದಳು. ಗಂಡ ತೀರಿಕೊಂಡ ಮೇಲೆ ತವರಿನಿಂದ ಸುಣ್ಣ ತಂದು ಮನೆಮನೆಗೆ ಬಳಿಯುತ್ತ ಹೊಟ್ಟೆ ಹೊರೆದಳು. ಅಂಗೈ ಸೀಳಿಹೋಗಿದೆ, ಉಗುರಿನ ಸಂದಿಯಲ್ಲಿ ಬಿಳುಪು ಸದಾ ಇದ್ದದ್ದೇ. ಆದರೆ ಈ ಡಿಸೆಂಬರಿನಿಂದ ಈಚೆಗೆ ಅವಳು ಮಾಡುವ ಕೆಲಸ ಬೇರೆ. ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಬಾಗಿಲು ತೆರೆಯುವವರೂ ಕಡಿಮೆ.

ಅಂದು ರಂಜಾನ್ ತಿಂಗಳಿನ ಸಹರಿಯ ಹೊತ್ತು, ಉಪವಾಸ ಹಿಡಿಯುವ ಮುನ್ನ ಬೆಳಗಿನ ಜಾವ ಉಣ್ಣುವ ಸಮಯ. ಊರು ಮಲಗಿತ್ತು, ಹಜೀರಾಬೀ ರೊಟ್ಟಿ ತಟ್ಟುತ್ತಿದ್ದಳು. ಗೂಡಿನ ಮೇಲಿನ ತಟ್ಟೆಗಳು ತಾವಾಗಿಯೇ ಗಲಗಲ ಅಂದವು. ಗೂಡ್ಸ್ ಗಾಡಿ ಇರಬೇಕು ಅಂದುಕೊಂಡಳು. ಗಾಡಿ ಬಂದಿರಲಿಲ್ಲ. ಮಹಾರಾಷ್ಟ್ರದ ಕೊಯ್ನಾ ಕಡೆ ಭೂಕಂಪವಾಗಿ ಊರುಗಳೇ ಉರುಳಿದವು, ಅದರ ನಡುಕ ಇಲ್ಲಿಗೂ ಮುಟ್ಟಿತು ಎಂದು ಪೇಪರು ಓದಿದವರು ಆಮೇಲೆ ಹೇಳಿದರು.

"ನೆಲ ಅನ್ನೋದು ನಂಬಿ ಕೂತ್ಕೊಳ್ಳೋ ಜಾಗ ಅಲ್ವೇನ್ರಿ? ಅದೇ ಹಿಂಗೆ ಮಾಡಿದ್ರೆ ಯಾರನ್ನ ನಂಬೋಣ?" ಎಂದು ಆಕೆ ಈಗಲೂ ಕೇಳುತ್ತಾಳೆ.

ಅಂದು ಇಲ್ಲಿ ಯಾರೂ ಸಾಯಲಿಲ್ಲ. ಹಳೆಯ ಮಣ್ಣಿನ ಗೋಡೆಗಳಲ್ಲಿ ಕೂದಲೆಳೆಯಂಥ ಗೀರುಗಳು ಕಂಡವು, ಅಷ್ಟೆ. ಊರವರು ಮಾಡಿದ್ದೇನು? ಎಲ್ಲರೂ ಸುಣ್ಣದವಳನ್ನು ಕರೆಸಿದರು. ಕೆಲವರಿಗೆ ಈದ್ ಹತ್ತಿರವಿತ್ತು, ಕೆಲವರ ಮನೆಗೆ ಹೆಣ್ಣು ನೋಡಲು ಬರುವವರಿದ್ದರು. ಗೋಡೆ ಗಟ್ಟಿಯಿದೆಯೇ ಎಂದು ಒಬ್ಬರೂ ಕೇಳಲಿಲ್ಲ. ಕಣ್ಣಿಗೆ ಕಾಣದಿದ್ದರೆ ಸಾಕಿತ್ತು. ಎಂಥ ಜನ!

ಹರಿಹರದಲ್ಲಿದ್ದ ತಂಗಿ ರಹಮತ್ ಬೀಯೂ ಹಾಗೇ ಕರೆಸಿದಳು. "ಆಪಾ, ಹಬ್ಬಕ್ಕೆ ಬೀಗರು ಬರ್ತಾರೆ, ಇದೊಂದು ಮುಚ್ಚಿಬಿಡು" ಅಂದಳು. ಹಜೀರಾಬೀ ಬಿರುಕಿಗೆ ಮಣ್ಣು ತುಂಬಿ, ಮೇಲೆ ಎರಡು ಸಲ ಸುಣ್ಣ ಬಳಿದು ಬಂದಳು. ಮೂರನೆಯ ದಿನ, ಗಾಳಿಯಿಲ್ಲ, ಮಳೆಯಿಲ್ಲ, ನೆಲವೂ ಅಲುಗಲಿಲ್ಲ. ಹಾಡಹಗಲಲ್ಲಿ ಆ ಗೋಡೆ ಕುಸಿಯಿತು. ರಹಮತ್ ಬೀ ಅದರ ಬುಡದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

"ಅವಳ ಮೈಮೇಲೆ ಬಿದ್ದ ಹೆಂಟೆಯೆಲ್ಲ ಬೆಳ್ಳಗಿತ್ರಿ," ಎನ್ನುತ್ತಾಳೆ ಹಜೀರಾಬೀ. "ನನ್ನ ಸುಣ್ಣ." ಕಣ್ಣಲ್ಲಿ ನೀರಿಲ್ಲ. ಅಂದು ಬಡಿದ ಸಿಡಿಲು ಆಕೆಯನ್ನು ಇನ್ನೂ ಬಿಟ್ಟಿಲ್ಲ.

ಮಣ್ಣು ಕೊಟ್ಟ ಮಾರನೆಯ ದಿನ ಜೀಪಿನಲ್ಲಿ ಸರ್ಕಾರದ ಆಫೀಸರೊಬ್ಬರು ಬಂದರು. ಪಕ್ಕದ ಮನೆಯ ಬಿರುಕಿನ ಮೇಲೆ ಅಡ್ಡಡ್ಡ ಗಾಜಿನ ಪಟ್ಟಿ ಅಂಟಿಸಿದರು. ಅದ್ಯಾಕೆಂದು ಈಕೆ ಕೇಳಿದಳು. ಅವರು ಬೇಸರಿಸದೆ ಹೇಳಿದರು: ನೆಲ ಸುಮ್ಮನಾದರೂ ಸಡಿಲಾದ ಗೋಡೆ ದಿನದಿನವೂ ಜರುಗುತ್ತಿರಬಹುದು. ಜರುಗಿದರೆ ಗಾಜು ಸೀಳುತ್ತದೆ.

ಹಜೀರಾಬೀಯ ಬಳಿ ಗಾಜೆಲ್ಲಿಂದ ಬರಬೇಕು? ಇದ್ದದ್ದು ಸುಣ್ಣ. ದಾವಣಗೆರೆಗೆ ಮರಳಿ, ಸುಣ್ಣವನ್ನು ಗಟ್ಟಿಯಾಗಿ ಕಲಸಿ, ರೂಪಾಯಿಯಗಲದ ಬಿಲ್ಲೆ ತಟ್ಟಿ, ಮನೆಮನೆಯ ಬಿರುಕಿನ ಎರಡೂ ದಡಕ್ಕೆ ತಾಗುವಂತೆ ಮೆತ್ತಿದಳು. ದಿನಾ ಬೆಳಿಗ್ಗೆ ಹೋಗಿ ನೋಡತೊಡಗಿದಳು. ಮೊದಲ ಮನೆಯಲ್ಲೇ ಎಡವಟ್ಟಾಯಿತು. ಒಂದು ಸಂಜೆ ಬಿಲ್ಲೆ ಸೀಳಿದ್ದು ಕಂಡು ಕಿರುಚಿ, ಮನೆಯವರನ್ನೆಲ್ಲ ರಾತ್ರಿಯಿಡೀ ಚಳಿಯಲ್ಲಿ ಬೀದಿಗೆ ಹಾಕಿದಳು. ಬೆಳಗಾದ ಮೇಲೆ ನೋಡಿದರೆ, ಸುಣ್ಣ ಬಿಸಿಲಿಗೆ ಒಣಗಿ ತಾನೇ ಬಿರಿದಿತ್ತು. ಓಣಿಯೆಲ್ಲ ನಕ್ಕಿತು. ಅಂದಿನಿಂದ ಎರಡು ಬಿಲ್ಲೆ ಮೆತ್ತುತ್ತಾಳೆ. ಒಂದು ಬಿರುಕಿನ ಮೇಲೆ, ಇನ್ನೊಂದು ಪಕ್ಕದ ಗಟ್ಟಿ ಗೋಡೆಯ ಮೇಲೆ.

ಕೊಟ್ಟೂರಪ್ಪನ ಹಿತ್ತಲ ಗೋಡೆಗೂ ಅವಳು ಮೊದಲೇ ಎರಡು ಬಿಲ್ಲೆ ಮೆತ್ತಿದ್ದಳು. ಆತ ಈಗ ಹಿಡಿದದ್ದು ಆ ಹಳೆಯ ಎಡವಟ್ಟನ್ನೇ.

"ಅವತ್ತು ಊರಿಗೆಲ್ಲ ನೆಗಡಿ ಹಂಚಿದ್ದು ಸಾಲ್ದೇನೆ? ಒಣಗಿ ಸೀಳೈತೆ ಬಿಡು."

"ಒಣಗಿ ಸೀಳಿದ್ರೆ ಎರಡೂ ಸೀಳಬೇಕಿತ್ತು ಸಾವ್ಕಾರ್ರೆ. ಒಂದೇ ಸುಣ್ಣ, ಒಂದೇ ನೆಳ್ಳು. ಬನ್ರಿ, ನೋಡ್ರಿ."

ಆತ ನೋಡುತ್ತಾನೆ. ಗಟ್ಟಿ ಗೋಡೆಯ ಬಿಲ್ಲೆ ಇಡಿಯಾಗಿದೆ. ಬಿರುಕಿನ ಮೇಲಿನದು ಎರಡು ಹೋಳಾಗಿ, ನಡುವೆ ಉಗುರು ತೂರುವಷ್ಟು ಸಂದು ಬಿಟ್ಟಿದೆ. ಕೊಟ್ಟೂರಪ್ಪನ ಮುಖ ಒಂದು ಗಳಿಗೆ ಬಿಳಿಚಿಕೊಳ್ಳುತ್ತದೆ. ಆಮೇಲೆ ಅವನು ಮಾಡುವ ಕೆಲಸಕ್ಕೆ ವಠಾರವೇ ಬಾಯಿ ಬಿಟ್ಟು ನಿಲ್ಲುತ್ತದೆ. ಎರಡು ಬಿಲ್ಲೆಗಳನ್ನೂ ಕೈಯಿಂದ ಕೆರೆದು ಕೆಡವುತ್ತಾನೆ.

"ಈಗೇನೈತೆ? ಏನೂ ಇಲ್ಲ."

ಗೋಡೆಯ ಆಚೆ ಬದಿಗೆ ನಿರ್ಮಲಮ್ಮ ಮಲಗಿದ್ದಾಳೆ. ಹೆರಿಗೆಗೆಂದು ತವರಿಗೆ ಬಂದವಳು, ಹೆತ್ತು ಹದಿನೈದು ದಿನವೂ ಆಗಿಲ್ಲ. ಆ ಮನೆಯಲ್ಲಿ ಬಾಡಿಗೆಗಿರುವ ತಾಯಿ ಅಕ್ಕನಾಗಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಾಳೆ.

"ಬೂಬಮ್ಮ, ನಿನಗೂ ತಲೆ ಕೆಟ್ಟೈತೆ. ಹಸಿ ಬಾಣಂತೀನ ಈ ಥಂಡ್ಯಾಗೆ ಎಲ್ಲಿಗೆ ಒಯ್ಯಲಿ? ನಡುಮನ್ಯಾಗೆ ಗಾಳಿ. ಸನ್ನಿ ಗಿನ್ನಿ ಆದ್ರೆ ನೀನು ಬಂದು ನೋಡ್ಕೊಂತೀಯೇನು?"

"ನೋಡ್ಕೊಂತೀನಿ ಅಕ್ಕಾರೆ. ಸನ್ನಿಗೆ ಔಷಧ ಐತೆ."

ಹಜೀರಾಬೀ ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕೂತು ಕತ್ತಲೆಯೊಳಕ್ಕೆ ಮಾತಾಡುತ್ತಾಳೆ. ದನಿ ಸಣ್ಣದಾಗಿದೆ.

"ತಂಗಿ, ನನ್ನ ಮಾತು ಸುಳ್ಳಾಗ್ಲಿ. ಈ ಗೋಡೆ ನೂರು ವರ್ಷ ನಿಲ್ಲಲಿ, ಊರೆಲ್ಲ ನನ್ನ ನೋಡಿ ನಗಲಿ. ಅಲ್ಲಾನ ಹತ್ರ ನಾನು ಕೇಳೋದು ಅದೊಂದೇ. ಆದ್ರೆ ನೀನೂ ಹೊರಗೆ ನಿಂತು ನಗಬೇಕು ನೋಡು."

ಒಳಗೆ ಮಂಚ ಕಿರುಗುಟ್ಟುತ್ತದೆ. ನಿರ್ಮಲಮ್ಮ ತಲೆಗೆ ಬಟ್ಟೆ ಬಿಗಿದುಕೊಂಡು, ಕೂಸನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಎದ್ದು ಬರುತ್ತಾಳೆ.

"ಮಾಯಕೊಂಡಕ್ಕೆ ಗಾಡಿ ಎಷ್ಟೊತ್ತಿಗೈತೆ?"

"ಬಾಣಂತನ ಮುಗಿಯೋಕೆ ಮುಂಚೆ ಗಂಡನ ಮನೆಗೆ ಹೋಗ್ತೀಯಾ? ಜನ ನನ್ನ ಮುಖಕ್ಕೆ ಉಗೀತಾರೆ!" ಅಕ್ಕನಾಗಮ್ಮ ಬಾಗಿಲ ಚೌಕಟ್ಟು ಹಿಡಿದು ಕೂಗುತ್ತಾಳೆ. "ಹೊರಗೆ ಕಾಲಿಟ್ರೆ ನೀನು ನನ್ನ ಮಗಳಲ್ಲ!"

ನಿರ್ಮಲಮ್ಮ ತಾಯಿಯ ತೋಳಿನ ಕೆಳಗೆ ಬಗ್ಗಿ, ಕೂಸಿನ ತಲೆಗೆ ಅಂಗೈ ಅಡ್ಡ ಹಿಡಿದು ದಾಟುತ್ತಾಳೆ. ಕೊಟ್ಟೂರಪ್ಪ ದಾರಿ ಬಿಡುತ್ತಾನೆ. ಅಂಗಳ ಮುಗಿದು ಓಣಿ ಬರುತ್ತದೆ, ಓಣಿಯ ತಿರುವು ಬರುತ್ತದೆ. ಆಕೆ ಒಮ್ಮೆಯೂ ಹಿಂದೆ ನೋಡುವುದಿಲ್ಲ. ನಿರ್ಮಲಮ್ಮ ಅಂದು ಸಂಜೆಯಾದರೂ ತವರಿಗೆ ಮರಳಿ ಬರಲಿಲ್ಲ, ಆ ವಾರ ಕಳೆದರೂ ಬರಲಿಲ್ಲ.